ಗ್ಯಾಲರಿಯ ತುಂಬ ಶಾಲು

ಮೊದಲನೆಯ ಶಾಲನ್ನು ಎಲ್ಲಿ ಹಾಸಬೇಕೆಂಬುದೇ ವಾಗೀಶನಿಗೆ ತಿಳಿಯಲಿಲ್ಲ. ಹೂಟಗಳ್ಳಿಯ ಮೈದಾನದ ಗ್ಯಾಲರಿ ಅಂದರೆ ಏನು ಸಾಮಾನ್ಯವೇ, ಈ ತುದಿಯಿಂದ ಆ ತುದಿಗೆ ಹೊರಟವನಿಗೆ ನಡುದಾರಿಯಲ್ಲಿ ಊಟದ ಹೊತ್ತಾಗುತ್ತದೆ. ಭಾನುವಾರದ ಬಿಸಿಲಿಗೆ ಸಿಮೆಂಟಿನ ಮೆಟ್ಟಿಲು ಕಾದಿದ್ದ ಪರಿಗೆ ಅಲ್ಲಿ ದೋಸೆ ಹುಯ್ದಿದ್ದರೆ ತಿರುವಿ ಹಾಕುವ ಮೊದಲೇ ಸೀದುಹೋಗುತ್ತಿತ್ತು. ಕಾಲ ಬಳಿ ಟ್ರಂಕು. ಟ್ರಂಕಿನೊಳಗೆ ಮೃದಂಗದ ವಿದ್ವಾನ್ ನಜರ್‌ಬಾದ್ ವಾಗೀಶನಿಗೆ ಇಷ್ಟು ವರ್ಷಗಳಲ್ಲಿ ಈ ಊರು ಹೊದಿಸಿದ ಶಾಲುಗಳು. ಒಂದಕ್ಕೊಂದು ಗಂಟು ಹಾಕಿದರೆ ಚಾಮುಂಡಿ ಬೆಟ್ಟಕ್ಕೆ ಎರಡು ಸುತ್ತು ಬರುವಷ್ಟು. ರಾಮೋತ್ಸವದವು, ಗಣೇಶನ ಪೆಂಡಾಲಿನವು, ಯಾರದೋ ಮದುವೆಯಲ್ಲಿ ಬೀಗರು ಉಳಿಸಿದವು. ನೇರಳೆ ಬಣ್ಣದ, ಅಂಗೈ ಅಗಲದ ಜರಿಯ ಆ ಒಂದು ಮಾತ್ರ ಮುಖ್ಯ ಅತಿಥಿ ಬಾರದೆ ಹೋದ ಸಭೆಯದು. ‘ಯಾರಾದ್ರೂ ಒಬ್ರಿಗೆ ಹಾಕ್ಬಿಡ್ರಪ್ಪ, ಫೋಟೋದವನು ಕಾಯ್ತಿದಾನೆ’ ಎಂದು ಮೈಕಿಗೆ ಕೇಳುವ ಹಾಗೆ ಹೇಳಿದ್ದರು. ಅವನು ತಲೆ ಬಗ್ಗಿಸಿದ್ದ. ತಲೆ ಬಗ್ಗಿಸುವುದೇನು ಕಷ್ಟವಲ್ಲ. ಎತ್ತಿದಾಗ ಎದುರಿಗೆ ಸಾವಿರಾರು ಜನ ಚಪ್ಪಾಳೆ ತಟ್ಟುತ್ತಿದ್ದರು ಎಂದು ಮನೆಯಲ್ಲಿ ಹೇಳಿದ್ದ. ಎದುರಿಗಿದ್ದದ್ದು ಮಡಚಿಡುತ್ತಿದ್ದ ಕುರ್ಚಿಗಳು.

ಅವನು ನೇರಳೆ ಶಾಲನ್ನು ಎತ್ತಿ, ಮತ್ತೆ ಟ್ರಂಕಿಗೆ ಹಾಕಿ, ಮತ್ತೆ ಎತ್ತಿದ. ಮಗಳು ಲಹರಿ ಹೇಳಿದ್ದು ಇಷ್ಟೇ. ಮೊಸರನ್ನ ಕಲೆಸುತ್ತ, ತಟ್ಟೆ ನೋಡುತ್ತಲೇ ಹೇಳಿದ್ದಳು. ಹೋದ ಸಲದ ಫುಟ್‌ಬಾಲ್ ಮ್ಯಾಚಿಗೆ ಗ್ಯಾಲರಿಯಲ್ಲಿ ಇದ್ದದ್ದು ಕೋಚ್ ಹೇಮಶ್ರೀ ಮೇಡಮ್ಮಿನ ತಾಯಿ, ಮತ್ತೆ ನಾಯಿಗಳು. ಲೀಗಿನಿಂದ ವೆಂಕಟಸುಬ್ಬಯ್ಯ ಅನ್ನುವವರು ಬಂದು ನೋಡಿ, ಮುಂದಿನ ಸಲವೂ ಜನ ಬರದಿದ್ದರೆ ಉಳಿದ ಮ್ಯಾಚೆಲ್ಲ ಬೆಂಗಳೂರಿನಲ್ಲೇ ಆಡಿಸುತ್ತೇವೆ ಅಂದಿದ್ದರು. ‘ಬೆಂಗಳೂರಾದ್ರೆ ಪವಿತ್ರನ್ನ ಮನೇಲಿ ಕಳಿಸಲ್ಲ ಅಪ್ಪ. ದಿವ್ಯನ್ನೂ ಕಳಿಸಲ್ಲ. ಆಮೇಲೆ ಟೀಮೇ ಇರಲ್ಲ. ನಾನೊಬ್ಳೇ ಗೋಲು ಕಾಯ್ತಾ ನಿಂತಿರ್ಬೇಕು.’ ಅದಕ್ಕೆ ವಾಗೀಶ, ‘ಜನಾನಾ? ಜನ ನಾನು ತರ್ತೀನಿ ಕಣೇ. ಇಡೀ ನಜರ್‌ಬಾದ್ ತರ್ತೀನಿ. ಎರಡು ಖಂಡದ ಜನ ನೋಡಿ ಬಂದೋನು ನಾನು’ ಅಂದ. ಬಾಯಿಂದ ಬಂದ ಮೇಲೆ ಅದು ಅಷ್ಟು ದೊಡ್ಡದೇನೂ ಅನ್ನಿಸಲಿಲ್ಲ, ಅವನ ಬಾಯಿಗೆ ಅದು ಸಣ್ಣ ಮಾತು. ಆದರೆ ಲಹರಿ, ‘ಜನ ತರೋದೇನೂ ಬೇಡ. ನೀನು ಬಂದು ಕೂತ್ಕೋ. ಒಂದು ಸಲ ನೋಡು’ ಅಂದುಬಿಟ್ಟಳು. ಆ ‘ಒಂದು ಸಲ’ ಹಲ್ಲಿನ ಸಂದಿಗೆ ಸಿಕ್ಕ ನುಗ್ಗೇಕಾಯಿಯ ನಾರಿನ ಹಾಗೆ ಕೂತಿತು. ನಿಜವೇ. ಜಗತ್ತಿನ ಅತಿ ದೊಡ್ಡ ಎರಡು ಮ್ಯಾಚುಗಳನ್ನು ನೋಡಿದವನು ಮಗಳ ಒಂದನ್ನೂ ನೋಡಿರಲಿಲ್ಲ. ಪ್ರತಿ ಸಲವೂ ಏನೋ ಒಂದು ಕಛೇರಿ ಇರುತ್ತಿತ್ತು. ಇಲ್ಲದಿದ್ದಾಗ ಇದೆ ಅನ್ನುತ್ತಿದ್ದ. ಯಾಕೆ ಅನ್ನುತ್ತಿದ್ದೆ ಎಂದು ಈಗ ಬಿಸಿಲಲ್ಲಿ ನಿಂತು ಕೇಳಿಕೊಳ್ಳುತ್ತ ಕೊನೆಗೆ ಆ ನೇರಳೆ ಶಾಲನ್ನೇ ಮೊದಲು ಹಾಸಿದ.

ಬೆಳಿಗ್ಗೆ ಟ್ರಂಕು ಎಳೆಯುವ ಸದ್ದಿಗೆ ಚೂಡಾಮಣಿ ಅಡಿಗೆಮನೆಯಿಂದ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

‘ಏನ್ರೀ, ಶಾಲು ಹೊದ್ಕೊಂಡು ಫುಟ್‌ಬಾಲ್ ನೋಡ್ತಾರೇನ್ರೀ ಯಾರಾದ್ರೂ?’

‘ಜರ್ಮನೀಲಿ ಎಲ್ಲಾರೂ ಹೊದ್ಕೋತಾರೆ ಕಣೇ. ಕತ್ತಿಗೆ ಸುತ್ಕೊಂಡಿರ್ತಾರೆ. ಹಾಡು ಬಂದಾಗ ಎರಡೂ ಕೈಲಿ ಹೀಗೆ ಎತ್ತಿ ಹಿಡೀತಾರೆ. ಲಕ್ಷ ಜನ ಒಟ್ಟಿಗೆ.’

‘ಅಲ್ಲಿ ಚಳಿ ಕಣ್ರೀ.’

ಹೆಂಡತಿಯರ ಹತ್ತಿರ ಇಂಥ ಮಾತು ಯಾವಾಗಲೂ ಸಿದ್ಧವಿರುತ್ತದೆ. ಚಳಿ ಇತ್ತು, ನಿಜ. ಭರತನಾಟ್ಯದ ತಂಡದ ಜೊತೆ ಹೋದಾಗ ಊಟ ಹಾಕಿದ ಮನೆಯಾತ ಮ್ಯಾಚಿಗೆ ಕರೆದುಕೊಂಡು ಹೋಗಿದ್ದ. ಆ ಚಳಿಯಲ್ಲಿ ವಾಗೀಶನ ಮೀಸೆಯ ಮೇಲೆ ಮಂಜು ಕಟ್ಟಿ, ಅದನ್ನು ಮುರಿದು ಪಾನಕಕ್ಕೆ ಹಾಕಬಹುದಿತ್ತು. ಕೆಳಗಿನ ಮೆಟ್ಟಿಲುಗಳು ಖಾಲಿ ಇದ್ದವು. ಮೈಸೂರಿನವನಿಗೆ ಖಾಲಿ ಮೆಟ್ಟಿಲು ಕಂಡರೆ ಕೈ ತಾನಾಗಿ ಹೆಗಲ ಮೇಲಿನ ಟವೆಲಿಗೆ ಹೋಗುತ್ತದೆ. ಚಿಕ್ಕವನಿದ್ದಾಗ ಜಂಬೂಸವಾರಿಯ ದಿನ ಕತ್ತಲಿರುವಾಗಲೇ ಅಮ್ಮ ಟವೆಲು ಕೊಟ್ಟು ಸಯ್ಯಾಜಿರಾವ್ ರಸ್ತೆಗೆ ಓಡಿಸುತ್ತಿದ್ದಳು. ಫುಟ್‌ಪಾತಿನ ಮೇಲೆ ಟವೆಲು ಹಾಸಿ ಎರಡು ಕಲ್ಲಿಟ್ಟರೆ ಮುಗಿಯಿತು, ಅದು ಇಡೀ ಮನೆಯ ಜಾಗ. ಮಧ್ಯಾಹ್ನ ಎಲ್ಲರೂ ಚಿತ್ರಾನ್ನ ಕಟ್ಟಿಕೊಂಡು ಬರುವವರೆಗೆ ಪೊಲೀಸಿನವನೂ ಅದನ್ನು ದಾಟಿ ಹೋಗುತ್ತಿದ್ದ, ತುಳಿಯುತ್ತಿರಲಿಲ್ಲ. ಆನೆ ತುಳಿದರೂ ತುಳಿದೀತು, ಮೈಸೂರಿನವನು ಇನ್ನೊಬ್ಬರ ಟವೆಲು ತುಳಿಯಲಾರ. ಜರ್ಮನಿಯಲ್ಲೂ ಹಾಗೆಯೇ ಹಾಸಿ, ಮನೆಯಾತನಿಗೂ ತನಗೂ ಜಾಗವಾಯಿತೆಂದು ಕಾಫಿ ಹುಡುಕಿಕೊಂಡು ಹೋದ. ಬಂದು ನೋಡಿದರೆ ಆ ಮೆಟ್ಟಿಲುಗಳ ಮೇಲೆ ಜನ, ಜನದ ಮೇಲೆ ಜನ, ಎಲ್ಲರೂ ನಿಂತಿದ್ದಾರೆ. ಕೂರುವವನೇ ಇಲ್ಲ. ಕೂರುವ ಜಾಗವೇ ಅಲ್ಲವಂತೆ ಅದು. ತೊಂಬತ್ತು ನಿಮಿಷವೂ ನಿಂತೇ ಇರುತ್ತಾರಂತೆ, ನಿಂತೇ ಹಾಡುತ್ತಾರಂತೆ, ಅಪ್ಪ ನಿಂತ ಜಾಗದಲ್ಲೇ ಮಗ ನಿಲ್ಲುತ್ತಾನಂತೆ. ಅವರ ಬೂಟುಗಳ ಕೆಳಗೆಲ್ಲೋ ಅವನ ಟವೆಲು. ಮುಂದೆ, ಕಲ್ಯಾಣಮಂಟಪದ ಮೇಲೆ ಹೊದಿಸಬಹುದಾದಷ್ಟು ದೊಡ್ಡ ಬಾವುಟ ಎದ್ದಿತು, ಎದ್ದದ್ದು ಇಳಿಯಲೇ ಇಲ್ಲ. ಬೇಲಿಯ ಮೇಲೆ ಒಬ್ಬ ಹತ್ತಿ, ಮೈದಾನಕ್ಕೆ ಬೆನ್ನು ಹಾಕಿ, ಜನಕ್ಕೆ ಹಾಡು ಎತ್ತಿಕೊಡುತ್ತಿದ್ದ. ಅವನು ಆಟ ನೋಡುವುದು ಯಾವಾಗ ಅಂತ ಮನೆಯಾತನನ್ನು ಕೇಳಿದರೆ, ‘ಅವನು ನೋಡುವುದಿಲ್ಲ. ಅವನು ನಮ್ಮನ್ನು ನೋಡುತ್ತಾನೆ’ ಅಂದ. ವಾಗೀಶನೂ ನೋಡಲಿಲ್ಲ. ಗೋಲು ಬಿದ್ದಾಗ ಬಾವುಟದ ಹಿಂದೆ ಕತ್ತಲಾಗಿತ್ತು. ಯಾರೋ ಅಪ್ಪಿಕೊಂಡರು, ಬಿಯರು ವಾಸನೆಯ ಯಾರೋ, ಅಳುತ್ತಿದ್ದವರು. ಅವನೂ ಅತ್ತ. ಯಾಕೆ ಅತ್ತೆ?

ಶಾಲು ಹಾಸುತ್ತ ಅರ್ಧ ಗ್ಯಾಲರಿ ದಾಟಿದ್ದ. ಹಳದಿ, ಕೆಂಪು, ಹಳದಿ. ನುಸಿಗುಳಿಗೆಯ ವಾಸನೆ ಹೂಟಗಳ್ಳಿಯ ಕಾರ್ಖಾನೆಗಳ ವಾಸನೆಯನ್ನೂ ಸೋಲಿಸಿ ರಿಂಗ್ ರೋಡಿನವರೆಗೆ ಹೋಗಿರಬೇಕು. ಯೋಚನೆ ಸರಳವಾಗಿತ್ತು: ಬಂದವರು ಶಾಲು ಎತ್ತಿಕೊಂಡು ಕೂರುತ್ತಾರೆ, ಲಹರಿ ಬಾಲು ಹಿಡಿದಾಗಲೆಲ್ಲ ಎತ್ತಿ ಹಿಡಿಯುತ್ತಾರೆ, ವೆಂಕಟಸುಬ್ಬಯ್ಯನವರ ಕಣ್ಣು ಕುಕ್ಕುತ್ತದೆ. ಯೂರೋಪು ಬೇಕಾದವನಿಗೆ ಯೂರೋಪು, ಅಮೆರಿಕ ಬೇಕಾದವನಿಗೆ ಅಮೆರಿಕ. ಅಮೆರಿಕದಲ್ಲಿ ಅವನು ನೋಡಿದ ಮ್ಯಾಚಿಗೆ ಜನ ಕಾರು ನಿಲ್ಲಿಸುವ ಕಡೆಯೇ ಒಲೆ ಹಚ್ಚಿ ಮದುವೆಮನೆಯ ಹಾಗೆ ಬೇಯಿಸಿ ತಿನ್ನುತ್ತಿದ್ದರು, ಅರ್ಧ ಜನ ಒಳಗೇ ಬರಲಿಲ್ಲ. ಒಳಗೆ ಅವನಿಗೆ ಮೆತ್ತನೆ ಕುರ್ಚಿ, ಕುರ್ಚಿಗೆ ಅವನ ನಂಬರು, ಕೈಯಲ್ಲಿ ಹಸುವಿಗೆ ಹಾಕುವಷ್ಟು ಪಾಪ್‌ಕಾರ್ನು. ಹುಲ್ಲು ಪೂರ್ತಿ ಕಾಣುತ್ತಿತ್ತು. ಎದುರಿನ ದೊಡ್ಡ ಟಿವಿ ಪರದೆ ಚಪ್ಪಾಳೆ ತಟ್ಟಿ ಅಂದಾಗ ತಟ್ಟುತ್ತಿದ್ದರು, ಸಾಕು ಅಂದಾಗ ನಿಲ್ಲಿಸುತ್ತಿದ್ದರು, ಎಂಥ ಶಿಷ್ಯರು! ಪಕ್ಕದ ಹೆಂಗಸು ತನ್ನ ನಾಯಿಯ ಫೋಟೋ ತೋರಿಸಿದಳು. ಆಟದ ನಡುವೆ ಪರದೆಯ ಮೇಲೆ ಇವತ್ತು ಇಷ್ಟು ಸಾವಿರ ಜನ ಎಂದು ಬಂತು, ಗೆದ್ದವರ ಹಾಗೆ ಎಲ್ಲರೂ ಕುಣಿದರು. ಅವನು ಸುತ್ತ ನೋಡಿದ, ಕುರ್ಚಿಗಳು ಎಷ್ಟೋ ಖಾಲಿ. ಕರೆದುಕೊಂಡು ಹೋದವನು ಹೇಳಿದ, ಇಲ್ಲಿ ಟಿಕೇಟು ತಗೊಂಡವನು ಬಂದ ಹಾಗೇ ಲೆಕ್ಕ. ಬರದೆಯೂ ಬಂದವರು! ಅದು ವಾಗೀಶನಿಗೆ ಬಹಳ ಹಿಡಿಸಿತ್ತು. ಅವನ ಬದುಕಿನ ಎಷ್ಟೋ ಸಭೆಗಳಿಗೆ ಈ ಲೆಕ್ಕ ಬೇಕಾಗಿತ್ತು. ಮೆಚ್ಚುತ್ತ, ಕೆಳಗೆ ಬಿದ್ದ ಪಾಪ್‌ಕಾರ್ನು ಎತ್ತಲು ಬಗ್ಗಿದಾಗ ಗೋಲು ಬಿತ್ತು. ನಜರ್‌ಬಾದಿನಲ್ಲಿ ಕೃಷ್ಣಪ್ಪನ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕೂತು ಅವನು ಎರಡೂ ದೇಶದ ಗೋಲುಗಳನ್ನು ವರ್ಣಿಸಿದ್ದಾನೆ, ಒಂದೊಂದಕ್ಕೂ ಒಂದೊಂದು ಕಾಫಿ. ಅಲ್ಲಿಗೆ ಕಾಫಿಗೆ ಬರುವ ಅಷ್ಟೂ ಮಂದಿಗೆ ಇವತ್ತು ಬನ್ನಿ ಅಂದಿದ್ದ. ‘ಬಂದ್ರಾಯ್ತು ಬಿಡಿ’ ಅಂದಿದ್ದರು. ಹಾಗೆಂದರೆ ಬರುತ್ತಾರೆ ಎಂದೋ ಬರುವುದಿಲ್ಲ ಎಂದೋ ಐವತ್ತು ವರ್ಷದಿಂದ ಆ ಊರಿನಲ್ಲಿದ್ದೂ ಅವನಿಗೆ ಗೊತ್ತಾಗಿರಲಿಲ್ಲ.

ಟ್ರಂಕು ತಂದುಕೊಟ್ಟ ಲಗೇಜ್ ಆಟೋದ ಪುಟ್ಟಸ್ವಾಮಿ ಹೂಟಗಳ್ಳಿಯವನೇ. ‘ಬುಡಿ ಮೇಷ್ಟ್ರೇ, ನಜರ್‌ಬಾದ್‌ನೋರು ಬರ್ನಿಲ್ಲ ಅಂದ್ರೆ ಏನಂತೆ? ನಮ್ ಬೀದಿಯೋರ್ನ ನಾನ್ ತುಂಬ್ಕೊಂಡ್ ಬತ್ತೀನಿ’ ಎಂದು ಹೋಗಿದ್ದ. ನಾಲ್ಕು ಗಂಟೆಗೆ ಹುಡುಗಿಯರು ಮೈದಾನಕ್ಕಿಳಿದರು. ಲಹರಿ ಹಸಿರು ಅಂಗಿ ಹಾಕಿದ್ದಳು, ಕೈಗೆ ದಪ್ಪ ಗವಸು. ಮನೆಯಲ್ಲಿ ಸಾರಿನ ಪಾತ್ರೆ ಇಳಿಸಲು ಇಕ್ಕಳ ಹುಡುಕುವ ಕೈಗಳು ಅವು. ಅವಳು ಗ್ಯಾಲರಿ ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಜರಿ, ನಡುವೆ ಅಪ್ಪ. ಅವನು ಕೈ ಎತ್ತಿದ. ಅವಳು ಕೈ ಎತ್ತಿದ್ದು ತನಗೋ, ಕಣ್ಣಿಗೆ ಬಿಸಿಲು ಅಡ್ಡ ಹಿಡಿದದ್ದೋ.

ಜನ ಬರುತ್ತಿದ್ದರು. ಇದು ಅವನ ಕಣ್ಣಾರೆ ಕಾಣುತ್ತಿತ್ತು, ಅದೇ ಗೊಂದಲ. ಗೇಟಿನಲ್ಲಿ ಪುಟ್ಟಸ್ವಾಮಿಯ ಆಟೋ ಬಂದು ನಿಲ್ಲುತ್ತದೆ, ಹೆಂಗಸರು ಇಳಿಯುತ್ತಾರೆ, ಶಿಫ್ಟು ಮುಗಿಸಿದ ಗಂಡಸರು ಟಿಫನ್ ಕ್ಯಾರಿಯರು ಹಿಡಿದು ಬರುತ್ತಾರೆ, ಪವಿತ್ರಳ ಅಜ್ಜಿ ಕೆಂಚಮ್ಮ ಬರುತ್ತಾಳೆ. ಬಂದವರು ಗ್ಯಾಲರಿಯ ಬುಡದಲ್ಲಿ ನಿಲ್ಲುತ್ತಾರೆ, ಮೇಲೆ ನೋಡುತ್ತಾರೆ, ತಮ್ಮತಮ್ಮಲ್ಲಿ ಏನೋ ಅನ್ನುತ್ತಾರೆ, ಆಮೇಲೆ ತಲೆ ತಗ್ಗಿಸಿ ಆಚೆ ತುದಿಯ ಗೋಲಿನ ಹಿಂದೆ ಹೋಗಿ ಬಿಸಿಲಲ್ಲಿ ನಿಲ್ಲುತ್ತಾರೆ. ಮೊದಲು ನೀರಿನ ನಲ್ಲಿ ಅಲ್ಲಿರಬೇಕು ಅಂದುಕೊಂಡ. ಆಮೇಲೆ ನುಸಿಗುಳಿಗೆಯ ವಾಸನೆ ಅಂದುಕೊಂಡ. ಆಮೇಲೆ ತಾನೇ ಅನ್ನಿಸಿತು. ಯಾರೋ ಹೇಳಿರಬೇಕು, ಅಲ್ಲಿ ಕೂತಿದ್ದಾನಲ್ಲ, ಅವನ ಪಕ್ಕ ಕೂತರೆ ಕಥೆ ಹೇಳುತ್ತಾನೆ, ಬಿಡುವುದಿಲ್ಲ ಅಂತ. ಅಥವಾ ಅವನ ಬಳಿ ಪಾಠಕ್ಕೆ ಬಂದು ತಾಳ ತಪ್ಪಿದ್ದಕ್ಕೆ ಗೆಣ್ಣಿನ ಮೇಲೆ ಏಟು ತಿಂದವರ ಮನೆಯವರೇ ಎಲ್ಲ. ಅವನು ಸ್ವಲ್ಪ ಸರಿದು ಕೂತ. ಇನ್ನೂ ಸ್ವಲ್ಪ ಸರಿದು ಗ್ಯಾಲರಿಯ ಮೂಲೆಗೆ ಹೋಗಿ ಕೂತ. ಆದರೂ ಯಾರೂ ಬರಲಿಲ್ಲ. ಆ ಬಿಸಿಲಿಗೆ ಮೂಲೆಯಲ್ಲಿ ಅವನ ನೆರಳು ಕೂಡ ಅವನ ಪಕ್ಕ ಕೂರದೆ ಎರಡು ಮೆಟ್ಟಿಲು ಆಚೆ ಹೋಗಿ ಬಿದ್ದಿತ್ತು.

ಬಂದವರಲ್ಲಿ ಒಬ್ಬರು ಮಾತ್ರ ಗ್ಯಾಲರಿಗೆ ಬಂದರು. ಬಿಳಿ ಅಂಗಿ, ಕೊಡೆ, ಕನ್ನಡಕ. ವೆಂಕಟಸುಬ್ಬಯ್ಯನವರೇ ಇರಬೇಕು. ಮೊದಲ ಮೆಟ್ಟಿಲಿನಲ್ಲಿ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

‘ಜನ ಎಲ್ಲಿ ಸ್ವಾಮಿ?’

‘ಬಂದಿದಾರೆ ಸಾರ್.’

‘ಎಲ್ಲಿ?’

‘ಇದೆಲ್ಲಾ ಹಿಡಿದಿರೋ ಜಾಗ. ನೋಡಿ, ಅಮೆರಿಕದಲ್ಲಿ ಇದನ್ನ ಬಂದ ಹಾಗೇ ಲೆಕ್ಕ ಹಾಕ್ತಾರೆ.’

ವೆಂಕಟಸುಬ್ಬಯ್ಯನವರು ಅವನನ್ನು ಕನ್ನಡಕದ ಮೇಲಿನಿಂದ ನೋಡಿದರು. ‘ಇದು ಹೂಟಗಳ್ಳಿ’ ಅಂದರು. ಆಮೇಲೆ ಕೂರಲು ಜಾಗ ಹುಡುಕಿದರು. ಗ್ಯಾಲರಿ ಅಷ್ಟೂ ಖಾಲಿ, ಅಷ್ಟೂ ಹಿಡಿದದ್ದು. ಒಂದು ಶಾಲಿನ ಅಂಚನ್ನು ಕೊಡೆಯ ತುದಿಯಿಂದ ಮುಟ್ಟಿ, ಏನನ್ನಿಸಿತೋ, ಕೊಡೆ ಹಿಂದಕ್ಕೆ ತೆಗೆದುಕೊಂಡು ಕೆಳಗಿಳಿದು ಗೆರೆಯ ಪಕ್ಕ ನಿಂತರು. ಕೂತ್ಕೊಳ್ಳಿ ಸಾರ್ ಎಂದು ವಾಗೀಶ ಹೇಳಬೇಕಿತ್ತು. ಮಾತು ಬಾಯಲ್ಲೇ ಇತ್ತು. ಜಗತ್ತಿನ ಯಾವ ಸುಳ್ಳಿಗೂ ತಡವರಿಸದ ನಾಲಿಗೆ ಇಷ್ಟು ಸಣ್ಣ ನಿಜಕ್ಕೆ ಅಂಟಿಕೊಂಡಿತು.

ಮೊದಲರ್ಧ ಲಹರಿ ನಿಂತದ್ದು ಈಚೆ ಕೊನೆಯ ಗೋಲಿನಲ್ಲಿ. ಅವಳ ಹಿಂದೆ ಕಾಂಪೌಂಡು, ಕಾಂಪೌಂಡಿನ ಮೇಲೆ ಒಂದು ಕಾಗೆ. ಎದುರು ತಂಡದವರು ಒಂದು ಗೋಲು ಹಾಕಿದರು. ಅದನ್ನು ಅವನು ನೋಡಲಿಲ್ಲ, ಆಗ ಅವನು ಆಚೆ ತುದಿಯ ಜನವನ್ನು ನೋಡುತ್ತಿದ್ದ. ತಿರುಗಿದಾಗ ಮಗಳು ಬಲೆಯೊಳಗಿಂದ ಚೆಂಡು ತೆಗೆಯುತ್ತಿದ್ದಳು, ಬಾವಿಗೆ ಬಿದ್ದ ಕೊಡ ತೆಗೆಯುವವರ ಹಾಗೆ ನಿಧಾನವಾಗಿ. ಅವಳು ಗ್ಯಾಲರಿಯ ಕಡೆ ನೋಡಲಿಲ್ಲ. ಹೀಗೆ ಎಷ್ಟು ಸಲ ತೆಗೆದಿದ್ದಾಳೋ, ಯಾರೂ ಇಲ್ಲದಾಗ, ನಡೆಯದ ಕಛೇರಿಯಲ್ಲಿ ಅಪ್ಪ ನುಡಿಸುತ್ತಿದ್ದಾಗ. ಸ್ವಲ್ಪ ಹೊತ್ತಿಗೆ ಪವಿತ್ರ ಆಚೆ ಗೋಲಿಗೆ ಒಂದು ಹಾಕಿದಳು. ಅಲ್ಲಿ ನಿಂತವರು ಕೂಗಿದ ಕೂಗಿಗೆ ಕೆ.ಆರ್.ಎಸ್. ಕಟ್ಟೆಯ ಗೇಟು ಒಂದಂಗುಲ ಎದ್ದಿರಬೇಕು. ಒಬ್ಬೊಬ್ಬರದೂ ಒಂದೊಂದು ತಾಳದ ಚಪ್ಪಾಳೆ. ಅವನ ಬೆರಳು ತೊಡೆಯ ಮೇಲೆ ಅದನ್ನು ಸರಿಮಾಡಲು ಹೋಗಿ ಸೋತಿತು.

ವಿರಾಮದಲ್ಲಿ ಪುಟ್ಟಸ್ವಾಮಿ ಗ್ಯಾಲರಿಯ ಬುಡಕ್ಕೆ ಬಂದು, ಮೆಟ್ಟಿಲು ಹತ್ತದೆ, ಕತ್ತೆತ್ತಿ ಕೇಳಿದ.

‘ಮೇಷ್ಟ್ರೇ, ನಿಮ್ ಮಿನಿಷ್ಟ್ರು ಯಾವಾಗ ಬತ್ತಾರೆ? ಹೆಂಗಸ್ರು ಕಾಲ್ ನೋವು ಅಂತಾವ್ರೆ.’

‘ಯಾವ ಮಿನಿಸ್ಟರೋ?’

‘ಜರಿ ಶಾಲ್ ಹಾಸಿದೀರಲ್ಲ.’

‘ಅಯ್ಯೋ, ನಿಮಗೇ ಹಾಸಿದ್ದು ಕಣೋ! ನೀನೇ ತಂದಿಲ್ವೇನೋ ಟ್ರಂಕು!’

‘ಟ್ರಂಕ್ ತಂದೆ, ಒಳಗ್ ಏನದೆ ಅಂತ ನಂಗೇನ್ ಗೊತ್ತು? ಮೃದಂಗ ಅನ್ಕಂಡೆ.’ ಪುಟ್ಟಸ್ವಾಮಿ ನಕ್ಕ. ‘ತಮಾಸೆ ಮಾಡ್ಬೇಡಿ, ಬುಡಿ. ನಮಗ್ಯಾರು ಜರಿ ಹಾಸ್ತಾರೆ? ಹೋದ ದಸರಾದಲ್ಲಿ ಇಂಗೇ ಮುಂದೆ ಖಾಲಿ ಅದೆ ಅಂತ ಕೂತ್ಕಂಡ್ರೆ, ಯಾರೋ ದೊಡ್ಡೋರು ಬಂದ್ರು ಅಂತ ಎಬ್ಬಿಸ್ಬುಟ್ರು. ನಮ್ ಕೆಂಚಮ್ಮತ್ತೆ ತಾಂಬೂಲ ಹಾಕ್ಕಂಡಿದ್ದು ಬಾಯಲ್ಲೇ ಉಳ್ಕಂತು. ಅವತ್ತೇ ಅಂದ್ಳು, ಇನ್ಮೇಲೆ ಎಲ್ಲೋದ್ರೂ ನಿಂತೇ ಇರ್ತೀನಿ ಕಣ್ಲಾ, ನಿಂತಿದ್ದೋರ್ನ ಯಾವನೂ ಎಬ್ಬಿಸಕ್ಕಾಗಲ್ಲ ಅಂತ.’

ಹೇಳಿ ಹೋಗಿಯೇಬಿಟ್ಟ. ವಾಗೀಶ ಶಾಲುಗಳ ನಡುವೆ ಉಳಿದ. ಜಾಗ ಹಿಡಿದು ಹಿಡಿದು ಜನವನ್ನು ಓಡಿಸಿದ್ದು ತಾನು. ಇಷ್ಟು ದೊಡ್ಡ ಮೂರ್ಖತನ ಕೃಷ್ಣರಾಜ ಒಡೆಯರ ಕಾಲದಿಂದಲೂ ಮೈಸೂರಿನಲ್ಲಿ ನಡೆದಿಲ್ಲ ಎಂಬ ಹೆಮ್ಮೆಯೂ ಅದರ ಜೊತೆಗೆ ಒಂದು ಕ್ಷಣ ಬಂದು, ನಾಚಿ ಹೋಯಿತು. ಕರೆಯಬೇಕು. ಎದ್ದು ನಿಂತು, ಬನ್ರಪ್ಪಾ, ಬನ್ರಮ್ಮಾ, ಎಲ್ಲಾ ನಿಮ್ಮದೇ ಎಂದರೆ ಬಂದಾರು. ಗ್ಯಾಲರಿ ತುಂಬುತ್ತದೆ, ಕೊಡೆಯವರು ತಿರುಗಿ ನೋಡುತ್ತಾರೆ, ಮ್ಯಾಚು ಇಲ್ಲೇ ಉಳಿಯುತ್ತದೆ. ಆದರೆ ಅಷ್ಟರಲ್ಲಿ ಸೀಟಿ ಆಯಿತು, ತಂಡಗಳು ತುದಿ ಬದಲಾಯಿಸಿದವು. ಲಹರಿ ನಡೆದು ಆಚೆ ಗೋಲಿಗೆ ಹೋದಳು. ಈಗ ಅವಳ ಬೆನ್ನಿಗೆ ಕಾಂಪೌಂಡಿಲ್ಲ, ಕಾಗೆಯಿಲ್ಲ. ಬಲೆಯ ಹಿಂದೆಯೇ ಜನ. ಕೆಂಚಮ್ಮ ಬಲೆಗೆ ಬಾಯಿ ಹಚ್ಚಿ ಏನೋ ಹೇಳಿದಳು. ಲಹರಿ ಹಿಂದಕ್ಕೆ ತಿರುಗಿ ನಕ್ಕಳು, ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ಯಾವಾಗ ನೋಡಿದ್ದ? ‘ಬುಡಬ್ಯಾಡ ಕಣವ್ವ!’ ಎಂದು ಯಾರೋ ಕೂಗಿದರು. ‘ನಾವಿದೀವಿ!’

ಈಗ ಕರೆದರೆ ಅವರು ಬಂದುಬಿಡುತ್ತಾರೆ. ಬಂದರೆ ಅವಳ ಹಿಂದೆ ಮತ್ತೆ ಯಾರೂ ಇಲ್ಲ. ಕರೆಯದಿದ್ದರೆ ಕೊಡೆಯವರಿಗೆ ಕಾಣುವುದು ಖಾಲಿ ಮೆಟ್ಟಿಲು, ಆಮೇಲೆ ಬೆಂಗಳೂರು, ಆಮೇಲೆ ಟೀಮಿಲ್ಲ. ಕರೆದರೆ ಉಳಿಯುವುದು ಮುಂದಿನ ಮ್ಯಾಚು, ಕರೆಯದಿದ್ದರೆ ಈಗ ಅವಳ ಬೆನ್ನು. ಜರ್ಮನಿಯವನಾದರೆ ಏನು ಮಾಡುತ್ತಿದ್ದ, ಅಮೆರಿಕದವನಾದರೆ ಏನು ಮಾಡುತ್ತಿದ್ದ ಎಂದು ಯೋಚಿಸಲು ನೋಡಿದ. ಎರಡು ಖಂಡಗಳೂ ಬಾಯಿ ಮುಚ್ಚಿಕೊಂಡವು. ಅವನು ನೇರಳೆ ಶಾಲನ್ನು ಎತ್ತಿಕೊಂಡು ಮೆಟ್ಟಿಲಿಳಿದು ಗೆರೆಯ ಬಳಿಗೆ ಬಂದ. ಅಲ್ಲಿಂದ ಗೋಲಿನ ಕಡೆಗೆ ನಡೆದ, ನಡೆಯುತ್ತ ನಡೆಯುತ್ತ ಕರೆಯಲು ಹೋಗುತ್ತಿದ್ದೇನೋ ತಾನೂ ಅಲ್ಲೇ ನಿಲ್ಲಲು ಹೋಗುತ್ತಿದ್ದೇನೋ ಎಂಬುದು ಕಲೆಸಿಹೋಯಿತು. ಕೊಡೆಯವರನ್ನು ದಾಟಿದ. ಗೋಲು ಇನ್ನೇನು ಹತ್ತಿರವಿರುವಾಗ ಎದುರು ತಂಡದ ಉದ್ದ ಜಡೆಯ ಹುಡುಗಿ ಚೆಂಡು ತಳ್ಳಿಕೊಂಡು ಒಬ್ಬಳೇ ನುಗ್ಗಿದಳು, ದಿವ್ಯ ಹಿಂದೆ ಬಿದ್ದಿದ್ದಳು, ಲಹರಿ ಮುಂದಕ್ಕೆ ಓಡಿ ಬಂದಳು. ವಾಗೀಶ ತನಗರಿವಿಲ್ಲದೆ ಎರಡೂ ಕೈಯಿಂದ ಶಾಲನ್ನು ಎತ್ತಿದ. ಬನ್ನಿ ಎಂದು ಎತ್ತಿದನೋ, ನಿಲ್ಲಿ ಎಂದು ಎತ್ತಿದನೋ. ಬಲೆಯ ಹಿಂದಿನವರು ಅದನ್ನು ನೋಡಿ ಏನು ತಿಳಿದರೋ, ಟವೆಲುಗಳು ಎದ್ದವು, ಸೆರಗುಗಳು ಎದ್ದವು, ದುಪಟ್ಟಾಗಳು ಎದ್ದವು. ಗಾಳಿ ಬಂತು. ಶಾಲು ಅವನ ಮುಖಕ್ಕೆ ಬಡಿಯಿತು. ನೇರಳೆ, ಜರಿ, ನುಸಿಗುಳಿಗೆ. ಅದರಾಚೆ ಒಂದು ಸದ್ದು, ಮರದ ಹಲಗೆಗೆ ಒದ್ದ ಹಾಗೆ. ಆಮೇಲೆ ಕೂಗು. ಸಂತೋಷದ್ದೋ ಸಂಕಟದ್ದೋ ತಿಳಿಯದ, ಆಕಾಶಕ್ಕೆ ತೂತು ಬೀಳುವಂಥ ಕೂಗು. ಶಾಲು ತೆಗೆಯಲು ಅವನಿಗೆ ಹೆದರಿಕೆಯಾಯಿತು.

ತೆಗೆದಾಗ ಲಹರಿ ನೆಲದ ಮೇಲೆ ಮಗುವನ್ನು ಅವಚಿಕೊಂಡ ಹಾಗೆ ಚೆಂಡಿನ ಸುತ್ತ ಮುದುಡಿ ಮಲಗಿದ್ದಳು. ಕೆಂಚಮ್ಮ ಬಲೆಯನ್ನು ಹಿಡಿದು ಅಲ್ಲಾಡಿಸುತ್ತಿದ್ದಳು. ಪಕ್ಕದಲ್ಲಿ ಯಾರೋ ನಿಂತಿದ್ದರು. ತಿರುಗಿದರೆ ವೆಂಕಟಸುಬ್ಬಯ್ಯನವರು, ಮಡಚಿದ ಕೊಡೆ ಎತ್ತಿ ಹಿಡಿದಿದ್ದರು. ಅದನ್ನು ಯಾವಾಗ ಎತ್ತಿದೆ ಎಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಮ್ಯಾಚು ಒಂದೊಂದು ಗೋಲಿಗೇ ಮುಗಿಯಿತು. ಜನ ಪುಟ್ಟಸ್ವಾಮಿಯ ಆಟೋ ಹತ್ತಿ, ಹಿಡಿಯದವರು ನಡೆದು, ಹೋದರು. ಲಹರಿ ಮಂಡಿಗೆ ಮಣ್ಣು ಮೆತ್ತಿಕೊಂಡೇ ಗ್ಯಾಲರಿಗೆ ಬಂದು ಒಂದು ಹಳದಿ ಶಾಲಿನ ಎರಡು ತುದಿ ಹಿಡಿದಳು. ಇನ್ನೆರಡು ತುದಿ ಅವನು ಹಿಡಿದ. ಇಬ್ಬರೂ ಎಳೆದು, ಜಾಡಿಸಿ, ಹತ್ತಿರ ಬಂದು ತುದಿಗೆ ತುದಿ ಸೇರಿಸಿ ಮಡಚಿದರು. ಮತ್ತೆ ದೂರ, ಮತ್ತೆ ಹತ್ತಿರ.

‘ಮುಂದಿನದೂ ಇಲ್ಲೇ ಅಂತೆ’ ಅಂದಳು.

‘ಗ್ಯಾಲರಿ ಖಾಲಿ ಇತ್ತಲ್ಲೇ.’

‘ಅದಕ್ಕೇ ವೆಂಕಟಸುಬ್ಬಯ್ಯನವರು ಮೇಡಮ್‌ಗೆ ಹೇಳಿದಾರೆ. ಜನ ಚೆನ್ನಾಗಿ ಬಂದಿದ್ರು, ಆದ್ರೆ ವಿಐಪಿಗಳಿಗೆ ಅಷ್ಟೊಂದು ಜಾಗ ಬಿಡ್ಬೇಡಿ ಅಂದ್ರಂತೆ. ಆ ವಿಐಪಿಗಳು ಒಬ್ರೂ ಬರ್ಲಿಲ್ಲ ಅಂದ್ರಂತೆ.’ ಅವಳು ಕೆಂಪು ಶಾಲು ಎತ್ತಿಕೊಂಡಳು. ‘ಆ ಬಾಲು ನೋಡಿದೆಯಾ ಅಪ್ಪ?’

ಅವನ ಬಾಯಲ್ಲಿ ಆಗಲೇ ಆ ಬಾಲು ಬೆಟ್ಟದಷ್ಟಾಗಿತ್ತು. ಜಡೆಯ ಹುಡುಗಿ ಒದ್ದ ರಭಸ, ಲಹರಿ ಹಾರಿದ ಎತ್ತರ, ಎಲ್ಲ ತಯಾರಾಗಿ ತುಟಿಯವರೆಗೆ ಬಂದಿತ್ತು. ‘ಇಲ್ಲ ಕಣೇ’ ಅಂದ. ‘ಶಾಲು ಅಡ್ಡ ಬಂತು.’

ಲಹರಿ ಶಾಲಿನ ಆಚೆ ತುದಿಯಲ್ಲಿ ನಿಂತು ಅವನನ್ನು ನೋಡಿದಳು, ಆಮೇಲೆ ಜೋರಾಗಿ ನಕ್ಕಳು. ‘ಸುಳ್ಳು! ಎಷ್ಟು ಸುಳ್ಳು ಹೇಳ್ತೀಯಪ್ಪ! ಶಾಲಿನ ಮೇಲೆ ನಿನ್ನ ಎರಡೂ ಕಣ್ಣು ಕಾಣ್ತಿತ್ತು ನನಗೆ. ಇಷ್ಟಿಷ್ಟು ಅಗಲ. ಅದನ್ನ ನೋಡ್ಕೊಂಡೇ ಹಾರಿದ್ದು ನಾನು.’

ಓಡಿ ಬರುವವಳು, ಚೆಂಡು ಎದುರಿಗಿರುವಾಗ, ಪಕ್ಕದಲ್ಲಿ ನಿಂತವನ ಕಣ್ಣು ನೋಡುವುದುಂಟೇ? ಇವಳು ಹೇಳುತ್ತಿರುವುದು ನಿಜವೋ ಸುಳ್ಳೋ, ಇವಳೂ ತನ್ನ ಮಗಳೇ ಅಲ್ಲವೇ. ನೇರಳೆಯ ಆಚೆ ಹಸಿರು ಏನೋ ಹಾರಿದ ಹಾಗೆ ಈಗ ಅವನಿಗೂ ಅನ್ನಿಸತೊಡಗಿತು. ‘ಹಿಡ್ಕೊ, ಬಿಡ್ಬೇಡ’ ಎಂದು ಲಹರಿ ಶಾಲನ್ನು ಜಾಡಿಸಿದಳು. ಅವನು ತನ್ನ ತುದಿಗಳನ್ನು ಗಟ್ಟಿಯಾಗಿ ಹಿಡಿದು ಅವಳ ಕಡೆಗೆ ನಡೆದ.